ಹೊರ್ತಿಯ ಹಲಗೆ ಮೇಲಿನ ರೈಲು: ಒಂದೇ ಹಳಿ, ಎರಡು ಎಂಜಿನ್ – ಡಿಜಿಟಲ್ ನಿಯಂತ್ರಣ ಶುರು ಮಾಡೋದು ಹೇಗೆ?

ಹೊರ್ತಿಗೆ ರೈಲಿಲ್ಲ. ಸೊಲ್ಲಾಪುರ–ವಿಜಯಪುರ ಹೆದ್ದಾರಿ ಊರಿಗೆ ತಾಗಿಕೊಂಡೇ ಹೋಗುತ್ತದೆ. ಗದಗ–ಹೋಟಗಿ ರೈಲು ಮಾರ್ಗ ಮಾತ್ರ ಪೂರ್ವಕ್ಕೆ ಸರಿದು ನಿಂಬಾಳ, ಇಂಡಿ ರೋಡ್, ಲಚ್ಯಾಣ ಅಂತ ಹಾದುಹೋಗುತ್ತದೆ. ಹಾಗಾಗಿ ಅಲ್ಲಿನ ನಮ್ಮ ಅಕ್ಕನ ಮನೆಯಲ್ಲಿ ರೈಲು ಅಂದರೆ ಹಳೇ ಬಾಗಿಲ ಹಲಗೆ ಮೇಲೆ ಓಡುವ ಪುಟ್ಟ ಗಾಡಿಯೇ. ಕಳೆದ ದೀಪಾವಳಿಗೆ ಹೋದಾಗ ಒಂಬತ್ತನೇ ಕ್ಲಾಸಿನ ಅಳಿಯ ಎರಡನೇ ಎಂಜಿನ್ ತಂದು ಹಳಿ ಮೇಲೆ ಇಟ್ಟು ರೆಗ್ಯುಲೇಟರ್ ತಿರುಗಿಸಿದ. ಎರಡೂ ಒಟ್ಟಿಗೇ ಹೊರಟವು.

"ಮಾಮಾ, ಒಂದ ನಿಲ್ಲಿಸಿ ಇನ್ನೊಂದ ಬಿಡಾಕ ಬರೂದಿಲ್ಲೇನ್ರೀ?"

ಬರ್ತದ. ಆದರೆ ಅದಕ್ಕೆ ಹಳಿಯ ಬಗ್ಗೆ ಯೋಚಿಸೋ ರೀತಿಯನ್ನೇ ಬದಲಿಸಬೇಕು.

ಹಳೇ ಪದ್ಧತಿಯಲ್ಲಿ ನಾವು ಹಿಡಿತ ಸಾಧಿಸೋದು ಹಳಿಯ ಮೇಲೆ. ಹಳಿಗೆ 12 ವೋಲ್ಟ್ ತನಕ ಡಿಸಿ ಕರೆಂಟ್ ಕೊಡ್ತೀವಿ, ಹೆಚ್ಚು ಕೊಟ್ಟರೆ ವೇಗ, ಪ್ಲಸ್ ಮೈನಸ್ ತಿರುವಿದರೆ ಹಿಂದಕ್ಕೆ. ಆ ಹಳಿ ಮೇಲೆ ಯಾರೇ ಇದ್ದರೂ ಓಡಲೇಬೇಕು. ಬೇರೆ ಬೇರೆ ಓಡಿಸಬೇಕಂದ್ರೆ ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ, ತುಂಡಿಗೊಂದು ಸ್ವಿಚ್ ಹಾಕಬೇಕು. ಡಿಜಿಟಲ್ ಪದ್ಧತಿ, ಅಂದರೆ ಡಿಸಿಸಿ, ಇದನ್ನು ತಲೆಕೆಳಗು ಮಾಡುತ್ತದೆ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ, ಆ ಬದಲಾವಣೆಯೇ ಸಂದೇಶ. ಸುಮಾರು 58 ಮೈಕ್ರೋಸೆಕೆಂಡಿಗೆ ದಿಕ್ಕು ಬದಲಿಸಿದರೆ 1, ಸುಮಾರು 100 ಅಥವಾ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ 0. ಪ್ರತಿ ಎಂಜಿನ್ ಒಳಗೆ ಡಿಕೋಡರ್ ಅನ್ನೋ ಪುಟ್ಟ ಬೋರ್ಡ್, ಅದಕ್ಕೊಂದು ನಂಬರ್. "7ನೇ ನಂಬರ್, ಮುಂದಕ್ಕೆ, ನಿಧಾನ" ಅಂದರೆ 7 ಮಾತ್ರ ಕೇಳುತ್ತದೆ, ಉಳಿದವು ಸುಮ್ಮನಿರುತ್ತವೆ.

ಜರ್ಮನಿಯ ಬರ್ನ್ಡ್ ಲೆನ್ಸ್ ಅವರ ವಿನ್ಯಾಸವನ್ನು ಆಧಾರವಾಗಿಟ್ಟು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ 1990ರ ದಶಕದಲ್ಲಿ ಇದನ್ನು ಎಲ್ಲರಿಗೂ ಮುಕ್ತವಾದ ಮಾನದಂಡ ಮಾಡಿತು. ಹಾಗಾಗಿ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಂಟ್ರೋಲರ್ ಮಾತು ಕೇಳುತ್ತದೆ. ಎಲ್ಲವನ್ನೂ ಒಂದೇ ಬ್ರಾಂಡಿನದು ಕೊಳ್ಳಿ ಅನ್ನೋ ಅಂಗಡಿಯವರ ಮಾತನ್ನು ಪಕ್ಕಕ್ಕಿಡಿ.

ದುಡ್ಡಿನ ವಿಷಯಕ್ಕೆ ಬರೋಣ. ಕಾನೂನಿನ ಕಣ್ಣಲ್ಲಿ ಇಂಥ ಮಾದರಿಗಳೂ ಆಟಿಕೆಗಳೇ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತ್ತು. ಎಂಜಿನ್, ಹಳಿ ವಿದೇಶದಿಂದಲೇ ಬರಬೇಕಾದ ಹವ್ಯಾಸಿಗೆ ಇದು ನೇರ ಹೊಡೆತ. ಅದಕ್ಕೇ ನನ್ನ ಸಲಹೆ: ರೆಡಿಮೇಡ್ ಕಂಟ್ರೋಲರ್ ಬಿಡಿ, ನೀವೇ ಕಟ್ಟಿ. ಡಿಸಿಸಿ-ಇಎಕ್ಸ್ ಅನ್ನೋ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಆರ್ಡುಯಿನೊ ಮೆಗಾ ಬೋರ್ಡಿಗೆ ತುಂಬಿ, ಮೇಲೊಂದು ಮೋಟಾರ್ ಶೀಲ್ಡ್ ಕೂರಿಸಿದರೆ ಕಮಾಂಡ್ ಸ್ಟೇಷನ್ ಸಿದ್ಧ. ಕಾಲೇಜು ಪ್ರಾಜೆಕ್ಟ್ ಮಾಡಿದವರ ಡಬ್ಬಿಯಲ್ಲಿ ಇವು ಧೂಳು ತಿನ್ನುತ್ತಾ ಬಿದ್ದಿರುತ್ತವೆ.

ಇಲ್ಲಿ ಎರಡು ಎಚ್ಚರಿಕೆ. ಶೀಲ್ಡ್ ಹಿಂಬದಿಯಲ್ಲಿ 'ವಿಐಎನ್ ಕನೆಕ್ಟ್' ಅಂತ ಒಂದು ಸಣ್ಣ ತಾಮ್ರದ ಗೆರೆ ಇರುತ್ತದೆ, ಅದನ್ನು ಬ್ಲೇಡಿನಿಂದ ಕತ್ತರಿಸಿ. ಇಲ್ಲದಿದ್ದರೆ ಹಳಿಯ ವೋಲ್ಟೇಜ್ ಮೆಗಾ ಬೋರ್ಡಿಗೂ ನುಗ್ಗುತ್ತದೆ. ಬೋರ್ಡಿಗೆ ಕರೆಂಟ್ ಬೇರೆ ಕೊಡಿ. ಹಳಿಗೆ 14–15 ವೋಲ್ಟಿನ ಡಿಸಿ ಅಡಾಪ್ಟರ್ ಸಾಕು. ಹಳೇ ಲ್ಯಾಪ್‌ಟಾಪ್ ಚಾರ್ಜರ್ ಬೇಡವೇ ಬೇಡ, ಅದು ಸಾಮಾನ್ಯವಾಗಿ 19 ವೋಲ್ಟ್, ಶೀಲ್ಡಿನ ಮಿತಿ 18. ಈ ಶೀಲ್ಡಿಗೆ ಎರಡು ಔಟ್‌ಪುಟ್: ಒಂದು ಮುಖ್ಯ ಹಳಿಗೆ, ಇನ್ನೊಂದು ಎಂಜಿನ್ನಿಗೆ ನಂಬರ್ ಕೊಡುವ ಪ್ರತ್ಯೇಕ ತುಂಡು ಹಳಿಗೆ. ಒಂದೊಂದು ಸುಮಾರು 2 ಆಂಪ್. ಎರಡು ಮೂರು ಗಾಡಿಗೆ ಧಾರಾಳ.

ವೈರಿಂಗ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಹಲಗೆ ಕೆಳಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ತಂತಿ ಎರಡು ಎಳೆದು, ಪ್ರತಿ ತುಂಡು ಹಳಿಗೂ ಅದರಿಂದ ಸಣ್ಣ ತಂತಿ ಬೆಸುಗೆ ಹಾಕಿ. ಹಳಿ ಜೋಡಿಸುವ ತಗಡನ್ನೇ ನಂಬಿದರೆ ಆರು ತಿಂಗಳಲ್ಲಿ ದೂರದ ಮೂಲೆಯಲ್ಲಿ ಗಾಡಿ ಮುಗ್ಗರಿಸುತ್ತದೆ. ಪರೀಕ್ಷೆ ಸರಳ: ಒಂದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಇಡಿ. ಎಲ್ಲೇ ಇಟ್ಟರೂ ಸ್ಟೇಷನ್ ತಕ್ಷಣ ಕರೆಂಟ್ ಕಡಿಯಬೇಕು. ಕಡಿಯದ ಜಾಗದಲ್ಲಿ ಇನ್ನೊಂದು ತಂತಿ ಹಾಕಿ. ಆಮೇಲೆ ಧೂಳು. ಬೇಸಿಗೆಯಲ್ಲಿ ಹೊರ್ತಿಯ ಗಾಳಿಗೆ ಒಂದೇ ದಿನದಲ್ಲಿ ಹಳಿ ಮಾಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಇನ್ನು ಎಂಜಿನ್. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ ಹಳಿ ಮೇಲೆ ನಿಲ್ಲಿಸಬೇಡಿ, ಗುಂಯ್‌ಗುಟ್ಟಿ ಮೋಟಾರ್ ಸುಡುತ್ತದೆ. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ಡಿಕೋಡರ್ ಸಿಕ್ಕಿಸಲು ಸಾಕೆಟ್ ಇರುತ್ತದೆ. ಹಳೆಯದಕ್ಕೆ ಬೆಸುಗೆಯೇ ಗತಿ. ಅಲ್ಲಿ ನಿಯಮ ಒಂದೇ: ಮೋಟಾರಿನ ಎರಡೂ ಬ್ರಷ್‌ಗಳಿಗೆ ಹಳಿಯ ಜೊತೆ, ಎಂಜಿನ್ನಿನ ಲೋಹದ ಮೈ ಜೊತೆ ನೇರ ಸಂಪರ್ಕ ಇರಕೂಡದು. ಕರೆಂಟ್ ಹಳಿಯಿಂದ ಡಿಕೋಡರಿಗೆ, ಡಿಕೋಡರಿನಿಂದ ಮೋಟಾರಿಗೆ. ನಾನು ಮಲ್ಟಿಮೀಟರ್ ಹಿಡಿಯದೇ "ಎಲ್ಲಾ ಸರಿ ಅದ" ಅಂದೆ. ಸಣ್ಣ ಹೊಗೆ, ಮೀನು ಸುಟ್ಟ ವಾಸನೆ. ಅಳಿಯ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಗಿದ್ದು.

ಹೊಸ ಡಿಕೋಡರಿನ ನಂಬರ್ ಸಾಮಾನ್ಯವಾಗಿ 3. ಎರಡು ಎಂಜಿನ್ನೂ 3 ಆಗಿದ್ದರೆ ಮತ್ತೆ ಒಟ್ಟಿಗೇ ಓಡುತ್ತವೆ! ಮೊದಲ ಕೆಲಸ ಒಂದರ ನಂಬರ್ ಬದಲಿಸೋದು. ಇಂಥ ಹೊಂದಾಣಿಕೆಗಳಿಗೆ ಸಿವಿ ಅಂತಾರೆ. ಸಿವಿ 1 ನಂಬರ್, ಸಿವಿ 3 ವೇಗ ಏರುವ ಗತಿ, ಸಿವಿ 4 ಇಳಿಯುವ ಗತಿ. 3 ಮತ್ತು 4 ಹೆಚ್ಚಿಸಿದರೆ ಗಾಡಿ ನಿಜವಾದ ರೈಲಿನ ಹಾಗೆ ತೂಕ ಇರುವಂತೆ ನಿಧಾನಕ್ಕೆ ಹೊರಟು ನಿಧಾನಕ್ಕೆ ನಿಲ್ಲುತ್ತದೆ. ಓಡಿಸಲು ಮೊಬೈಲ್ ಸಾಕು. ಬೋರ್ಡಿಗೆ ವೈಫೈ ಸೇರಿಸಿ, 'ಎಂಜಿನ್ ಡ್ರೈವರ್' ಆ್ಯಪ್ ಹಾಕಿಕೊಳ್ಳಿ.

ಸಿವಿಗಳನ್ನು ಕಂಪ್ಯೂಟರಿನಲ್ಲಿ ತಿದ್ದಲು ಜೆಎಂಆರ್‌ಐ ಅನ್ನೋ ಇನ್ನೊಂದು ಉಚಿತ ತಂತ್ರಾಂಶವಿದೆ. ಇದರ ಕತೆ ರೈಲಿನ ಹುಚ್ಚಿಲ್ಲದವರೂ ಓದಬೇಕಾದ್ದು. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಬಾಬ್ ಜೇಕಬ್ಸನ್ ಮತ್ತು ಗೆಳೆಯರು ಬಿಡುವಿನ ವೇಳೆಯಲ್ಲಿ ಇದನ್ನು ಬರೆದು ಹಂಚಿದರು. ಒಂದು ಖಾಸಗಿ ಕಂಪನಿ ತನ್ನ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದು ಅವರಿಗೇ ಹಣ ಕೇಳಿ ಪತ್ರ ಕಳಿಸಿತು. 2006ರಲ್ಲಿ ಅವರು ಕೋರ್ಟಿಗೆ ಹೋದರು. ಅದೇ ಕಂಪನಿ ಜೆಎಂಆರ್‌ಐನ ಡಿಕೋಡರ್ ಫೈಲುಗಳನ್ನು ಬರೆದವರ ಹೆಸರೂ ಹಾಕದೆ ಬಳಸಿಕೊಂಡಿದ್ದೂ ಹೊರಬಿತ್ತು. ಉಚಿತವಾಗಿ ಕೊಟ್ಟಿದ್ದಕ್ಕೆ ಕೃತಿಸ್ವಾಮ್ಯದ ರಕ್ಷಣೆ ಉಂಟೇ? ಕೆಳ ನ್ಯಾಯಾಲಯ ಅನುಮಾನಿಸಿತು. 2008ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ ಆದೇಶ ರದ್ದು ಮಾಡಿ, ಮುಕ್ತ ಪರವಾನಗಿಯ ಷರತ್ತು ಮುರಿದರೆ ಅದು ಕೃತಿಸ್ವಾಮ್ಯ ಉಲ್ಲಂಘನೆಯೇ ಆಗಬಹುದು ಅಂದಿತು. ಪ್ರಕರಣ 2010ರಲ್ಲಿ ರಾಜಿಯಲ್ಲಿ ಮುಗಿಯಿತು. ಮುಕ್ತ ತಂತ್ರಾಂಶದ ಕಾನೂನು ಪಾಠಗಳಲ್ಲಿ ಇಂದಿಗೂ ಉಲ್ಲೇಖವಾಗುವ ತೀರ್ಪು ಹುಟ್ಟಿದ್ದು ಆಟದ ರೈಲಿನಿಂದ.

ಅಳತೆ ಬಗ್ಗೆ ಒಂದು ಮಾತು ಬಾಕಿ. ಜನಪ್ರಿಯ ಎಚ್‌ಒ ಅಳತೆ 1:87, ಅದರ ಹಳಿಯಗಲ 16.5 ಮಿ.ಮೀ. ನಮ್ಮ 1,676 ಮಿ.ಮೀ. ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ಅಂದರೆ ಭಾರತದ ಎಂಜಿನ್ ಎಚ್‌ಒ ಹಳಿ ಮೇಲೆ ಕೊಂಚ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ, ನಾನೂ. ಆದರೆ ಗದಗ–ಹೋಟಗಿ ಮಾರ್ಗ ನಾನು ಸಣ್ಣವನಿದ್ದಾಗ ಮೀಟರ್‌ಗೇಜ್ ಇತ್ತು. ಮೀಟರನ್ನು 87ರಿಂದ ಭಾಗಿಸಿ: 11.5. ಮಾರುಕಟ್ಟೆಯಲ್ಲಿ 12 ಮಿ.ಮೀ. ಹಳಿ ಸಿಗುತ್ತದೆ.

ಈಗ ಆ ಬಾಗಿಲ ಹಲಗೆ ಮೇಲೆ ಗುರುದೇವ ರಾನಡೆಯವರ ಆಶ್ರಮದ ಊರಾದ ನಿಂಬಾಳದ ಸ್ಟೇಷನ್ ರಟ್ಟಿನಲ್ಲಿ ಎದ್ದಿದೆ. 3ನೇ ನಂಬರ್ ಲೂಪ್ ಲೈನಿನಲ್ಲಿ ನಿಂತು ಕಾಯುತ್ತದೆ, 7 ದಾಟಿ ಹೋಗುತ್ತದೆ. ಹೋದ ವಾರ ಅಕ್ಕನ ಫೋನಿನಿಂದ ವಿಡಿಯೋ ಬಂತು. ಕೆಳಗೆ ಅಳಿಯನ ಪ್ರಶ್ನೆ: "ಮಾಮಾ, ಸಿಗ್ನಲ್ ಯಾವಾಗ ಹಚ್ಚೂದ್ರೀ?"