ಒಂದು ಕ್ರೈಸ್ತ ವಿದ್ಯಾಶಾಲೆಯ ದೀರ್ಘಾಲೋಚನೆ
(ಮದರಾಸಿನ ಕ್ರಿಶ್ಚಿಯನ್ ಕಾಲೇಜು, 1837–1937)

ಕ್ರಿ. ಶ. 1837ನೆಯ ಏಪ್ರಿಲ್ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಪಾದ್ರಿಗಳಾದ ಜಾನ್ ಆಂಡರ್ಸನ್ ಎಂಬವರು ಮದರಾಸಿನ, ಎಂದರೆ ಇಂದಿನ ಚೆನ್ನೈ ನಗರದ, ಅರ್ಮೇನಿಯನ್ ಬೀದಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ 59 ಮಂದಿ ಹುಡುಗರಿಗೆ ಪಾಠ ಹೇಳಲು ತೊಡಗಿದರು. ಎರಡು ವರ್ಷ ಮೊದಲು ಎಗ್ಮೂರಿನ ಸೇಂಟ್ ಆಂಡ್ರೂಸ್ ದೇವಾಲಯದ ಪಾದ್ರಿಗಳು ತೆರೆದಿದ್ದ ಚಿಕ್ಕ ಶಾಲೆಯೇ ಇದಕ್ಕೆ ಬೀಜ. ಕಲ್ಕತ್ತೆಯಲ್ಲಿ 1830ರಲ್ಲಿ ಅಲೆಕ್ಸಾಂಡರ್ ಡಫ್ ಅವರು ಹಾಕಿದ ಮೇಲ್ಪಂಕ್ತಿಯನ್ನೇ ಆಂಡರ್ಸನ್ನರು ಅನುಸರಿಸಿದರು: ಇಂಗ್ಲಿಷ್ ಭಾಷೆಯ ಮೂಲಕ ಪಾಶ್ಚಾತ್ಯ ವಿದ್ಯೆ, ಅದರ ಮಧ್ಯದಲ್ಲಿ ಬೈಬಲಿನ ಪಾಠ, ಅದರ ಫಲವಾಗಿ ಮತಾಂತರ. ಉದ್ದೇಶವು ನಿಚ್ಚಳವಾಗಿತ್ತು, ಅದನ್ನು ಯಾರೂ ಮರೆಮಾಚಲಿಲ್ಲ.

ಉದ್ದೇಶವು ನಿಚ್ಚಳವಾದ ಮಾತ್ರಕ್ಕೆ ಶಾಲೆ ನಿಲ್ಲುವುದಿಲ್ಲ. 1838ರಲ್ಲಿ ಅಸ್ಪೃಶ್ಯರೆಂದು ಎಣಿಸಲ್ಪಟ್ಟ ಜಾತಿಯ ಹುಡುಗರಿಬ್ಬರು ಅಲ್ಲಿ ಓದುತ್ತಿರುವರೆಂಬ ಸಂಗತಿಯು ಹೊರಬೀಳಲು ನಗರದಲ್ಲಿ ದೊಡ್ಡ ಕೋಲಾಹಲವೆದ್ದಿತು. ಅವರನ್ನು ಹೊರಗೆ ಕಳುಹಿಸಬೇಕೆಂದು ಉಳಿದ ಹುಡುಗರ ಹಿರಿಯರು ಒತ್ತಾಯಪಡಿಸಿದರು. ಆಂಡರ್ಸನ್ನರು ಒಪ್ಪಲಿಲ್ಲ, ಅನೇಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. 1841ರಲ್ಲಿ ಕೆಲವರು ವಿದ್ಯಾರ್ಥಿಗಳು ದೀಕ್ಷಾಸ್ನಾನವನ್ನು ಪಡೆದಾಗ ಶಾಲೆಯು ಮತ್ತೊಮ್ಮೆ ಬರಿದಾಯಿತು. ಮೊದಲನೆಯ ಸಲ ಶಾಲೆ ಬರಿದಾದುದು ಅದು ಹಿಡಿದ ನ್ಯಾಯಕ್ಕಾಗಿ. ಎರಡನೆಯ ಸಲ ಅದು ಬಯಸಿದ ಫಲಕ್ಕಾಗಿ. ಈ ಎರಡನ್ನೂ ಒಂದೇ ಬಗೆಯ ನಷ್ಟವೆಂದು ಲೆಕ್ಕಕ್ಕೆ ಹಿಡಿಯುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದರೆ ಶಾಲೆಯ ವೆಚ್ಚಕ್ಕೆ ಎರಡೂ ಒಂದೇ ಆಗಿದ್ದುವು. 1843ರಲ್ಲಿ ಸ್ಕಾಟ್ಲೆಂಡಿನ ಧರ್ಮಸಂಸ್ಥೆಯೇ ಇಬ್ಭಾಗವಾಗಲು ಆಂಡರ್ಸನ್ನರು ‘ಫ್ರೀ ಚರ್ಚ್’ ಪಕ್ಷವನ್ನು ಸೇರಿದರು. 1855ರಲ್ಲಿ ಅವರು ಕಾಲವಾದರು.

1862ರ ಡಿಸೆಂಬರಿನಲ್ಲಿ ವಿಲಿಯಂ ಮಿಲ್ಲರ್ ಎಂಬ ಇಪ್ಪತ್ತನಾಲ್ಕು ವರ್ಷದ ತರುಣರು ಮದರಾಸಿಗೆ ಬಂದಿಳಿದರು. ಅಷ್ಟರಲ್ಲಿ ದೇಶದ ವಿದ್ಯಾಸ್ಥಿತಿಯು ಬೇರೊಂದು ರೂಪವನ್ನು ತಾಳಿತ್ತು. 1854ರ ವುಡ್ ಅವರ ಆಜ್ಞಾಪತ್ರದಿಂದ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯದ್ರವ್ಯ ದೊರೆಯುವ ಮಾರ್ಗ ತೆರೆದಿತ್ತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿತ್ತು. ಪರೀಕ್ಷೆ, ಪದವಿ, ಉದ್ಯೋಗ ಎಂಬ ಸೋಪಾನಪಂಕ್ತಿ ಕಣ್ಣಿಗೆ ಬೀಳುತ್ತಲೇ ಹಿಂದೂ ತರುಣರು ತಾವಾಗಿಯೇ ಬಂದು ಸೇರತೊಡಗಿದರು. ಮಿಲ್ಲರ್ ಮಹಾಶಯರು ಶಾಲೆಯ ಮೇಲೆ ಕಾಲೇಜಿನ ತರಗತಿಗಳನ್ನು ಕಟ್ಟಿದರು. ಕಟ್ಟುವವರು ಆ ಕಾಲದಲ್ಲಿ ಅನೇಕರಿದ್ದರು. ಇವರ ವಿಶೇಷವು ಕಾಲಪ್ರಮಾಣವನ್ನೇ ಬದಲಾಯಿಸಿದುದರಲ್ಲಿದೆ. ಇಂತಿಷ್ಟು ವರ್ಷದಲ್ಲಿ ಇಂತಿಷ್ಟು ಮಂದಿ ಮತಾಂತರ ಹೊಂದಿದರೆಂಬ ಲೆಕ್ಕವನ್ನು ಅವರು ಕಾಲೇಜಿನ ಅಳತೆಗೋಲಾಗಿ ಇಟ್ಟುಕೊಳ್ಳಲೊಲ್ಲದೆ ಹೋದರು. ಹಾಲಿಗೆ ಹಾಕಿದ ಹೆಪ್ಪಿನಂತೆ ಕ್ರೈಸ್ತಭಾವನೆಗಳು ಇಡೀ ಹಿಂದೂಸಮಾಜದ ಆಲೋಚನೆಯೊಳಗೆ ಮೆಲ್ಲಮೆಲ್ಲನೆ ವ್ಯಾಪಿಸಬೇಕು, ಅದಕ್ಕೆ ಎಷ್ಟು ತಲೆಮಾರುಗಳಾದರೂ ಹಿಡಿಯಲಿ ಎಂಬುದು ಅವರ ಸಿದ್ಧಾಂತ. 1872ರ ಕೊನೆಯಲ್ಲಿ ಅಲಹಾಬಾದಿನಲ್ಲಿ ಕೂಡಿದ ಮಿಶನರಿಗಳ ಸಮ್ಮೇಳನದಲ್ಲಿ ಅವರು ವಿದ್ಯಾಭ್ಯಾಸದ ಪಕ್ಷವನ್ನು ಹಿಡಿದು ವಾದಿಸಿದರು. ಅನೇಕ ಮಿಶನರಿಗಳಿಗೆ ಇದು ರುಚಿಸಲಿಲ್ಲ. ಹಣ ಕಳುಹಿಸುವವರು ಫಲವನ್ನು ಕೇಳುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಫಲ ಬಂದೀತೆಂದು ಹೇಳುವವನನ್ನು ನಂಬುವುದು ಅವರಿಗೆ ಕಷ್ಟವೇ ಸರಿ.

ಸಿದ್ಧಾಂತಕ್ಕೆ ತಕ್ಕ ಸಾಧನಗಳನ್ನೂ ಮಿಲ್ಲರರು ಹೊಂದಿಸಿದರು. ಒಂದೊಂದು ಮಿಶನ್ನೂ ಒಂದೊಂದು ದುರ್ಬಲವಾದ ಕಾಲೇಜನ್ನು ನಡೆಸುವುದಕ್ಕಿಂತ ಎಲ್ಲವೂ ಕೂಡಿ ಒಂದು ಬಲವಾದ ಸಂಸ್ಥೆಯನ್ನು ನಡೆಸುವುದು ಲೇಸೆಂದು ಅವರು ಒಲಿಸಿದುದರಿಂದ, 1877ರಲ್ಲಿ ಆಂಗ್ಲಿಕನ್ ಹಾಗೂ ವೆಸ್ಲಿಯನ್ ಮಿಶನ್ನುಗಳ ಸಹಾಯವೂ ಸೇರಿ ‘ಮದರಾಸು ಕ್ರಿಶ್ಚಿಯನ್ ಕಾಲೇಜು’ ಎಂಬ ಹೆಸರು ರೂಢಿಗೆ ಬಂದಿತು. ಕಟ್ಟಡಗಳಿಗೂ ವಿದ್ಯಾರ್ಥಿನಿಲಯಗಳಿಗೂ ಅವರು ತಮ್ಮ ಸ್ವಂತ ದ್ರವ್ಯವನ್ನು ಧಾರಾಳವಾಗಿ ವಿನಿಯೋಗಿಸಿದರು. ಕರ್ಣಾಟಕದ ವಾಚಕರಿಗೆ ಇಲ್ಲಿ ಸಾಲೊಟಗಿಯ ಶಾಸನವು ನೆನಪಾಗದಿರದು. ಕ್ರಿ. ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯಲ್ಲಿ ಕಟ್ಟಿಸಿದ ಶಾಲೆಗೆ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳು, ದೀಪಕ್ಕೆ 12 ನಿವರ್ತನ, ಹೂದೋಟಕ್ಕೆ ನೆಲ, ಉಪಾಧ್ಯಾಯನ ವೃತ್ತಿಗೆ 50 ನಿವರ್ತನ ಭೂಮಿ ಎಂದು ಬೇರೆಬೇರೆಯಾಗಿ ದತ್ತಿ ಹಾಕಲ್ಪಟ್ಟಿತ್ತು. ಊರವರ ಮನೆಯಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗಲೂ ಶಾಲೆಗೆ ಕಾಣಿಕೆ ಸಲ್ಲಬೇಕಾಗಿತ್ತು. ದೀಪದ ಎಣ್ಣೆಯನ್ನೂ ಮರೆಯದ ಈ ಯೋಜನೆಯ ಸೂಕ್ಷ್ಮತೆಯು ಮಿಲ್ಲರರ ಲೆಕ್ಕಪತ್ರಗಳಿಗೆ ಕಡಮೆಯಾದುದಲ್ಲ. ಭೇದವಿರುವುದು ಬೇರೆಡೆ. ಸಾಲೊಟಗಿಯ ದಾನಿಗೆ ಶಾಲೆ ಏನನ್ನು ಕಲಿಸಬೇಕೆಂಬ ಸಂದೇಹವೇ ಇರಲಿಲ್ಲ. ದಾನಿಯೂ ಊರೂ ವಿದ್ಯಾರ್ಥಿಯೂ ಒಂದೇ ಮತಿಯವರು. ಮದರಾಸಿನಲ್ಲಿ ಹಣ ಕೊಡುವವರ ಬಯಕೆ ಒಂದು, ಓದಲು ಬರುವವರ ಬಯಕೆ ಇನ್ನೊಂದು. ಈ ಎರಡರ ನಡುವೆ ಸೇತುವಾಗಿ ನಿಂತುದೇ ಮಿಲ್ಲರರ ಆಲೋಚನೆಯ ನಿಜವಾದ ಪಾಟವ. ಅವರು 1882ರ ಹಂಟರ್ ಆಯೋಗದ ಸದಸ್ಯರಾದರು. 1901ರಲ್ಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಆ ವರ್ಷವೇ, ಅವರು ಬದುಕಿರುವಾಗಲೇ, ಅವರ ಪ್ರತಿಮೆಯೂ ಸ್ಥಾಪಿತವಾಯಿತು. ಅದಕ್ಕೆ ಹಣ ಕೂಡಿಸಿದ ಶಿಷ್ಯರಲ್ಲಿ ಮತಾಂತರ ಹೊಂದದವರೇ ಬಹುಮಂದಿ.

ಹೆಪ್ಪು ಹಾಕಿದವರು ಎಣಿಸಿದಂತೆಯೇ ಹಾಲು ಗಟ್ಟಿಯಾಯಿತೇ? ಸರ್ವಪಲ್ಲಿ ರಾಧಾಕೃಷ್ಣನ್ ಅವರ ದೃಷ್ಟಾಂತವೊಂದೇ ಸಾಕು. ಈ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದಾಗ ಹಿಂದೂಧರ್ಮದ ಮೇಲೆ ಅಧ್ಯಾಪಕರು ಮಾಡುತ್ತಿದ್ದ ಆಕ್ಷೇಪಗಳು ಅವರ ಮನಸ್ಸನ್ನು ಕಲಕಿದುವು. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲವೆಂಬ ಆಕ್ಷೇಪಕ್ಕೆ ಸಮಾಧಾನವಾಗಿ ಅವರು ಎಂ. ಎ. ಪದವಿಗೆ ಬರೆದ ಪ್ರಬಂಧವು 1908ರಲ್ಲಿ ಅಚ್ಚಾಯಿತು. ಆ ಪ್ರಬಂಧವನ್ನು ಮೆಚ್ಚಿದವರಲ್ಲಿ ಅಲ್ಲಿಯ ಅಧ್ಯಾಪಕರಾದ ಹಾಗ್ ಎಂಬ ಪಾದ್ರಿಗಳೇ ಇದ್ದರು. 1918ರಲ್ಲಿ ರಾಧಾಕೃಷ್ಣನ್ನರು ಮೈಸೂರಿನ ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದು, ಅದೇ ವಿಚಾರಸರಣಿಯನ್ನು ಕನ್ನಡನಾಡಿನ ತರುಣರಿಗೆ ಮೂರು ವರ್ಷ ಬೋಧಿಸಿದರು. ಪೂರ್ವಪಕ್ಷವನ್ನು ಬಲವಾಗಿ ಮಂಡಿಸಿದವನೇ ಸಿದ್ಧಾಂತಕ್ಕೆ ಉಪಕಾರಿಯೆಂಬುದು ನಮ್ಮ ಶಾಸ್ತ್ರಸಂಪ್ರದಾಯಕ್ಕೆ ಹೊಸತಲ್ಲ. ಆದರೆ ಪೂರ್ವಪಕ್ಷಿಯೇ ಕಟ್ಟಡವನ್ನೂ ಊಟವನ್ನೂ ಒದಗಿಸಿದುದು ವಿಶೇಷವೇ.

ಈ ಯೋಜನೆಯಲ್ಲಿ ಋಣವೊಂದು ತೀರದೆ ಉಳಿಯಿತು. ಮಿಲ್ಲರರ ಕಾಲದ ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣರೇ ಅಧಿಕ. ಮೇಲಿನವರಿಗೆ ಕಲಿಸಿದರೆ ವಿದ್ಯೆ ಕೆಳಗೆ ಇಳಿಯುವುದೆಂಬ ಭರವಸೆಯ ಮೇಲೆ ನಿಂತ ಆಲೋಚನೆಯಲ್ಲಿ, 1838ರಲ್ಲಿ ಯಾರಿಗಾಗಿ ಶಾಲೆ ಬರಿದಾಯಿತೋ ಅಂಥ ಹುಡುಗರ ಸರದಿ ತೀರ ತಡವಾಗಿ ಬಂದಿತು. ಹಳ್ಳಿಯ ಬಡ ಕ್ರೈಸ್ತರ ಶಾಲೆಗಳಿಗೆ ಸಲ್ಲಬೇಕಾದುದು ನಗರದ ಅನ್ಯಮತೀಯರಿಗೆ ವ್ಯಯವಾಗುತ್ತಿದೆಯೆಂದು ಟೀಕಾಕಾರರು ಆಡಿದ ಮಾತನ್ನು ಅಸೂಯೆಯೆಂದು ತಳ್ಳಿಬಿಡಲಾಗದು.

ಮಿಲ್ಲರರು 1907ರಲ್ಲಿ ಸ್ವದೇಶಕ್ಕೆ ಮರಳಿ 1923ರಲ್ಲಿ ತೀರಿಕೊಂಡರು. ಎಸ್‌ಪ್ಲನೇಡಿನ ಇಕ್ಕಟ್ಟಿನಲ್ಲಿ, ಕೋರ್ಟು ಅಂಗಡಿಗಳ ಗದ್ದಲದ ನಡುವೆ, ಕಾಲೇಜಿಗೆ ಬೆಳೆಯಲು ನೆಲವಿರಲಿಲ್ಲ. ವಿಲಿಯಂ ಮೆಸ್ಟನ್ನರು ಮುಖ್ಯರಾಗಿದ್ದ ಕಾಲದಲ್ಲಿ ನಗರವನ್ನೇ ಬಿಟ್ಟು ಹೋಗುವ ಆಲೋಚನೆ ಬಲಿಯಿತು. ಅಲ್ಲಿಂದ 15 ಮೈಲಿಗೂ ದೂರವಾದ ತಾಂಬರದ ಬಳಿ, ಸೇಲೈಯೂರಿನ ಕಾಡಿನಲ್ಲಿ, ಸುಮಾರು 390 ಎಕರೆ ಭೂಮಿ ದೊರೆಯಿತು. 1931ರಲ್ಲಿ ಆ ಊರಿನ ವರೆಗೆ ವಿದ್ಯುತ್ತಿನ ರೈಲು ಓಡತೊಡಗಿದುದು ಅನುಕೂಲವಾಯಿತು. ಲಿಂಡ್ಸೆಯವರ ಅಧ್ಯಕ್ಷತೆಯಲ್ಲಿ ಭಾರತದ ಕ್ರೈಸ್ತ ಕಾಲೇಜುಗಳನ್ನು ಪರಿಶೀಲಿಸಿದ ಆಯೋಗದ ವರದಿಯೂ ಆ ವರ್ಷವೇ ಹೊರಬಿದ್ದಿತು. ಶಾಲೆ ತೆರೆದು ನೂರು ವರ್ಷ ತುಂಬಿದ 1937ರ ಜನವರಿಯಲ್ಲಿ ಹೊಸ ಆವರಣವು ವಿಧ್ಯುಕ್ತವಾಗಿ ತೆರೆಯಲ್ಪಟ್ಟಿತು. ರಸಾಯನಶಾಸ್ತ್ರದ ಅಧ್ಯಾಪಕರಾದ ಎಡ್ವರ್ಡ್ ಬಾರ್ನ್ಸ್ ಹಾಗೂ ಅವರ ಪತ್ನಿ ಕುರುಚಲಾಗಿದ್ದ ಆ ನೆಲದಲ್ಲಿ ಬಗೆಬಗೆಯ ಗಿಡಗಳನ್ನು ತಂದು ನೆಡಿಸಿದರು. ಕಾಲೇಜಿನಿಂದ ಬೇರೆಯಾಗಿ ಉಳಿದ ಪ್ರೌಢಶಾಲೆಯು ಮುಂದೆ ಚೇತ್‌ಪೇಟೆಯ ಹ್ಯಾರಿಂಗ್ಟನ್ ರಸ್ತೆಯಲ್ಲಿ ನೆಲೆಗೊಂಡಿತು. ಎಸ್‌ಪ್ಲನೇಡಿನ ಹಳೆಯ ಎಡೆಯಲ್ಲಿ ಇಂದು ಆಂಡರ್ಸನ್ನರ ಹೆಸರನ್ನು ಹೊತ್ತ ದೇವಾಲಯವೊಂದು ನಿಂತಿದೆ.