ಆಯ್ದ ಸಂಕಲನ (ವಿಡಿಯೊ)

ಚಿತ್ರೀಕರಿಸಿದ ದೃಶ್ಯದ ಕೆಲವು ಭಾಗಗಳನ್ನಷ್ಟೇ ಹೆಕ್ಕಿ, ಅಥವಾ ಅವುಗಳ ಹಿಂದುಮುಂದನ್ನು ಬದಲಿಸಿ, ಮೂಲದಲ್ಲಿ ಇಲ್ಲದ ಅರ್ಥ ಬರುವಂತೆ ಜೋಡಿಸುವುದನ್ನು ಆಯ್ದ ಸಂಕಲನ ಎನ್ನುತ್ತಾರೆ. ಡೀಪ್‌ಫೇಕ್‌ನಲ್ಲಿ ನಡೆಯದೇ ಇದ್ದದ್ದನ್ನು ಯಂತ್ರದಿಂದ ಹುಟ್ಟಿಸಲಾಗುತ್ತದೆ. ಇಲ್ಲಿ ಮುಖ, ದನಿ, ಮಾತು ಎಲ್ಲವೂ ಅಸಲಿಯೇ. ಹಾಗಾಗಿ ತುಣುಕನ್ನು ಎಷ್ಟು ಸಲ ನೋಡಿದರೂ ಕೈಬಿಟ್ಟದ್ದೇನೆಂದು ತಿಳಿಯುವುದಿಲ್ಲ. ಅದಕ್ಕೆ ಮೂಲವೇ ಬೇಕು.

ಕತ್ತರಿ ಹಾಕಿದ ಮಾತ್ರಕ್ಕೆ ತಪ್ಪಾಗುವುದಿಲ್ಲ. ಒಂದು ಗಂಟೆಯ ಸಂದರ್ಶನದಿಂದ ಒಂದೂವರೆ ನಿಮಿಷದ ಸುದ್ದಿ ತಯಾರಿಸುವ ವರದಿಗಾರ ಉಳಿದದ್ದನ್ನು ಬಿಡಲೇಬೇಕು. ಜೋಡಣೆಯಿಂದಲೇ ಅರ್ಥ ಹುಟ್ಟುತ್ತದೆ ಎಂಬುದೂ ಸಿನಿಮಾದವರಿಗೆ ನೂರು ವರ್ಷಗಳಿಂದ ಗೊತ್ತಿರುವ ವಿಷಯ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೊವ್, ನಟ ಇವಾನ್ ಮೊಝುಖಿನ್‌ನ ಭಾವವಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮುಂತಾದ ದೃಶ್ಯಗಳ ಪಕ್ಕ ಜೋಡಿಸಿ ತೋರಿಸಿದಾಗ ನೋಡುಗರು ಅದರಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂದು ಪ್ರತೀತಿ. ಕಥಾಚಿತ್ರದಲ್ಲಿ ಇದು ಕಲೆ. ಬದುಕಿರುವ ವ್ಯಕ್ತಿಯ ಮಾತಿನ ಮೇಲೆ ಅದೇ ಕೈಚಳಕ ತೋರಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಬಿಟ್ಟ ಭಾಗವನ್ನು ಕೇಳಿಸಿಕೊಂಡ ಮೇಲೂ ಉಳಿಸಿಕೊಂಡ ಭಾಗದ ಅರ್ಥ ಹಾಗೆಯೇ ನಿಲ್ಲುತ್ತದೆಯೇ?

ಶರ್ಲಿ ಶೆರಾಡ್ ಪ್ರಕರಣ

ಈ ಪ್ರಶ್ನೆಗೆ 2010ರ ಅಮೆರಿಕದ ಪ್ರಕರಣವೊಂದು ಅತ್ಯಂತ ಸ್ಪಷ್ಟ ನಿದರ್ಶನ. ಶರ್ಲಿ ಶೆರಾಡ್ ಕೃಷಿ ಇಲಾಖೆಯ ಗ್ರಾಮೀಣಾಭಿವೃದ್ಧಿ ವಿಭಾಗಕ್ಕೆ ಜಾರ್ಜಿಯಾ ರಾಜ್ಯದ ನಿರ್ದೇಶಕಿಯಾಗಿದ್ದ ಕಪ್ಪು ಮಹಿಳೆ. ಆ ವರ್ಷ ಮಾರ್ಚ್ 27ರಂದು ಎನ್‌ಎಎಸಿಪಿ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಸಮಾರಂಭವೊಂದರಲ್ಲಿ ಅವರು ಸುಮಾರು 43 ನಿಮಿಷ ಮಾತನಾಡಿದರು. ಜುಲೈ 19ರಂದು ಆಂಡ್ರೂ ಬ್ರೈಟ್‌ಬಾರ್ಟ್ ಎಂಬ ಬಲಪಂಥೀಯ ಪ್ರಕಾಶಕ ಆ ಭಾಷಣದ ಎರಡೂವರೆ ನಿಮಿಷದಷ್ಟು ತುಣುಕನ್ನು ಅಂತರ್ಜಾಲಕ್ಕೆ ಹಾಕಿದ. ಅದರಲ್ಲಿ ಶೆರಾಡ್, ಜಮೀನು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದ ಬಿಳಿಯ ರೈತನೊಬ್ಬ ತನ್ನ ಬಳಿ ನೆರವಿಗೆ ಬಂದಾಗ ತನ್ನಿಂದಾಗುವಷ್ಟನ್ನೂ ಮಾಡಲಿಲ್ಲ, ಅವನ ಕಡೆಯವನೇ ನೋಡಿಕೊಳ್ಳಲಿ ಎಂದು ಬಿಳಿಯ ವಕೀಲನೊಬ್ಬನ ಹತ್ತಿರ ಕರೆದುಕೊಂಡು ಹೋದೆ ಎನ್ನುತ್ತಾರೆ.

ಅದೇ ದಿನ ಅವರ ಕೆಲಸ ಹೋಯಿತು. ಕಾರಿನಲ್ಲಿ ಹೋಗುತ್ತಿದ್ದವರಿಗೆ ಇಲಾಖೆಯಿಂದ ಮೇಲಿಂದ ಮೇಲೆ ಫೋನ್ ಬಂತು. ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಬ್ಲ್ಯಾಕ್‌ಬೆರಿಯಲ್ಲೇ ರಾಜೀನಾಮೆ ಕಳಿಸಬೇಕಾಯಿತು. ಭಾಷಣ ಏರ್ಪಡಿಸಿದ್ದ ಎನ್‌ಎಎಸಿಪಿ ಕೂಡ, ತನ್ನದೇ ಕಾರ್ಯಕ್ರಮದ ಪೂರ್ತಿ ದಾಖಲೆಯನ್ನು ನೋಡುವ ಮುನ್ನವೇ ಅವರನ್ನು ಖಂಡಿಸಿತು.

ಮರುದಿನ ಪೂರ್ತಿ ವಿಡಿಯೊ ಹೊರಬಂತು. ಭಾಷಣದಲ್ಲಿ ಶೆರಾಡ್ 1965ರಲ್ಲಿ ತನ್ನ ತಂದೆಯನ್ನು ಬಿಳಿಯನೊಬ್ಬ ಗುಂಡಿಕ್ಕಿ ಕೊಂದದ್ದನ್ನೂ, ಯಾರಿಗೂ ಶಿಕ್ಷೆಯಾಗದೆ ಹೋದದ್ದನ್ನೂ ಹೇಳಿದ್ದರು. ರೈತನ ಕಥೆ ಅದರ ಮುಂದುವರಿಕೆ. ಆ ವಕೀಲ ಏನೂ ಮಾಡದೆ ಕೈಚೆಲ್ಲಿದಾಗ, ತಾನೇ ಓಡಾಡಿ ಬೇರೆ ವಕೀಲನನ್ನು ಹಿಡಿದು ಆ ಜಮೀನು ಉಳಿಸಿಕೊಟ್ಟೆ, ಜಗಳ ಇರುವುದು ಉಳ್ಳವರಿಗೂ ಇಲ್ಲದವರಿಗೂ ಎಂದು ಅವತ್ತು ತಿಳಿಯಿತು ಎಂದು ಅವರು ವಿವರಿಸಿದ್ದರು. ಇದು ನಡೆದದ್ದು 1986ರಲ್ಲಿ, ಅವರು ಸರ್ಕಾರಿ ಹುದ್ದೆಗೆ ಬರುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು. ಆ ರೈತ ದಂಪತಿ ಟೀವಿಯಲ್ಲಿ ಕಾಣಿಸಿಕೊಂಡು, ತಮ್ಮ ಹೊಲ ಉಳಿದದ್ದೇ ಆಕೆಯಿಂದ ಎಂದರು.

ಈ ಪ್ರಕರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಆ ತುಣುಕಿನ ಕೊನೆಯಲ್ಲಿ, ಬಡವರು–ಉಳ್ಳವರು ಎಂಬ ಆ ತಿರುವಿನ ಮೊದಲ ಮಾತುಗಳು ಇದ್ದೇ ಇದ್ದವು. ತನ್ನ ಗುರಿ ಶೆರಾಡ್ ಅಲ್ಲ, ಆಕೆಯ ಮಾತಿಗೆ ಸಭಿಕರು ತಲೆದೂಗಿದ ರೀತಿ ಎಂಬುದು ಬ್ರೈಟ್‌ಬಾರ್ಟ್‌ನ ಸಮರ್ಥನೆಯಾಗಿತ್ತು. ಆದರೆ ಪರದೆಯ ಮೇಲಿನ ಬರಹ, ಆಕೆ ಸರ್ಕಾರಿ ಅಧಿಕಾರದಲ್ಲಿ ಕೂತು ಜನಾಂಗಭೇದ ಮಾಡುತ್ತಿದ್ದಾಳೆ ಎಂದು ಸಾರಿತ್ತು. ಮೊದಲು ಬರಹ ಓದಿದವರ ಕಿವಿಗೆ ಆ ಮಾತುಗಳು ಬೀಳಲಿಲ್ಲ. ಹೆಚ್ಚು ಹಾನಿ ಮಾಡಿದ್ದು ಕತ್ತರಿಗಿಂತ ಆ ಬರಹವೇ ಎನ್ನಬಹುದು.

ಕೃಷಿ ಕಾರ್ಯದರ್ಶಿ ಟಾಮ್ ವಿಲ್ಸ್ಯಾಕ್ ಜುಲೈ 21ರಂದು ಕ್ಷಮೆ ಕೇಳಿದರು. ಮರುದಿನ ಅಧ್ಯಕ್ಷ ಒಬಾಮಾ ಫೋನ್ ಮಾಡಿದರು. ಇಲಾಖೆ ಕೊಡಲು ಬಂದ ಹೊಸ ಹುದ್ದೆಯನ್ನು ಶೆರಾಡ್ ಒಪ್ಪಲಿಲ್ಲ. 2011ರಲ್ಲಿ ಅವರು ಹೂಡಿದ ಮಾನನಷ್ಟ ಮೊಕದ್ದಮೆ, 2012ರಲ್ಲಿ ಬ್ರೈಟ್‌ಬಾರ್ಟ್ ತೀರಿಕೊಂಡ ಮೇಲೂ ನಡೆದು 2015ರಲ್ಲಿ ರಾಜಿಯಲ್ಲಿ ಮುಗಿಯಿತು.

ಕ್ರಮ ಬದಲು, ಸೇರಿಸಿದ ಮೌನ

ಬಿಡುವುದೊಂದೇ ದಾರಿಯಲ್ಲ. 2007ರ ಜುಲೈನಲ್ಲಿ ಬಿಬಿಸಿ, ರಾಣಿ ಎಲಿಜಬೆತ್ ಕುರಿತ ಸಾಕ್ಷ್ಯಚಿತ್ರವೊಂದರ ಟ್ರೇಲರ್ ಅನ್ನು ಪತ್ರಕರ್ತರಿಗೆ ತೋರಿಸಿತು. ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ಕಿರೀಟ ತೆಗೆಯಲು ಹೇಳಿದ್ದಕ್ಕೆ ರಾಣಿ ಸಿಟ್ಟಾಗಿ ಎದ್ದು ಹೋದಂತೆ ಅದರಲ್ಲಿ ಕಾಣುತ್ತಿತ್ತು. ಹೊರಟು ಹೋಗುವ ದೃಶ್ಯವೆಂದು ತೋರಿಸಿದ್ದು ವಾಸ್ತವವಾಗಿ ಆಕೆ ಫೋಟೊ ತೆಗೆಸಿಕೊಳ್ಳಲು ಬರುತ್ತಿದ್ದ ದೃಶ್ಯ. ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥ ಪೀಟರ್ ಫಿಂಚಮ್ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅದೇ ಸಂಸ್ಥೆ 2024ರಲ್ಲಿ ಮತ್ತೆ ಎಡವಿತು: ಡೊನಾಲ್ಡ್ ಟ್ರಂಪ್ 2021ರ ಜನವರಿ 6ರಂದು ಮಾಡಿದ ಭಾಷಣದಲ್ಲಿ ಐವತ್ತಕ್ಕೂ ಹೆಚ್ಚು ನಿಮಿಷಗಳ ಅಂತರವಿದ್ದ ಎರಡು ಮಾತುಗಳನ್ನು ಪನೋರಮಾ ಕಾರ್ಯಕ್ರಮ ಒಂದೇ ಉಸಿರಿನ ಮಾತೆಂಬಂತೆ ಬೆಸೆದಿತ್ತು. 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ರಾಜೀನಾಮೆ ಘೋಷಿಸಿದರು. ಯಾರ ವಿರುದ್ಧ ಕತ್ತರಿ ಆಡಿತು ಎಂಬುದರ ಮೇಲೆ ಖಂಡಿಸುವವರ ಗುಂಪು ಬದಲಾಗುತ್ತದೆ. ತಪ್ಪಿನ ಸ್ವರೂಪ ಬದಲಾಗುವುದಿಲ್ಲ.

2016ರ 'ಅಂಡರ್ ದ ಗನ್' ಎಂಬ ಅಮೆರಿಕದ ಸಾಕ್ಷ್ಯಚಿತ್ರ ಇನ್ನೂ ಸೂಕ್ಷ್ಮ. ಬಂದೂಕು ಹಕ್ಕಿನ ಪರ ಇದ್ದವರಿಗೆ ಸಂದರ್ಶಕಿ ಕೇಟಿ ಕೂರಿಕ್ ಪ್ರಶ್ನೆಯೊಂದನ್ನು ಕೇಳಿದೊಡನೆ, ಅವರೆಲ್ಲ ಉತ್ತರ ತೋಚದೆ ಸುಮಾರು ಎಂಟು ಸೆಕೆಂಡು ಸುಮ್ಮನೆ ಕೂತಂತೆ ಚಿತ್ರ ತೋರಿಸಿತು. ಒಬ್ಬರು ದೃಷ್ಟಿ ತಗ್ಗಿಸುತ್ತಾರೆ, ಮತ್ತೊಬ್ಬರು ಎತ್ತಲೋ ನೋಡುತ್ತಾರೆ. ಮೂಲ ಧ್ವನಿಮುದ್ರಣದಲ್ಲಿ ಅವರು ತಕ್ಷಣವೇ ಉತ್ತರ ಕೊಟ್ಟಿದ್ದರು. ಮೌನದ ಆ ದೃಶ್ಯ ಬೇರೆ ಹೊತ್ತಿನದು. ಅವರು ಹೂಡಿದ ಮಾನನಷ್ಟ ಮೊಕದ್ದಮೆಯನ್ನು ನ್ಯಾಯಾಲಯ ತಳ್ಳಿಹಾಕಿತು, 2018ರಲ್ಲಿ ಮೇಲ್ಮನವಿಯಲ್ಲೂ ಅವರಿಗೆ ಗೆಲುವು ಸಿಗಲಿಲ್ಲ. ಕಾನೂನು ಸುಮ್ಮನೆ ಬಿಟ್ಟದ್ದೆಲ್ಲ ಪತ್ರಿಕಾಧರ್ಮಕ್ಕೆ ಒಪ್ಪಿಗೆ ಎಂದೇನಲ್ಲ. ಕೂರಿಕ್ ಕೂಡ ಆ ವಿರಾಮ ದಾರಿತಪ್ಪಿಸುವಂಥದ್ದೆಂದು ಒಪ್ಪಿಕೊಂಡರು.

ಭಾರತದಲ್ಲಿ

ಪಾಕಿಸ್ತಾನದ ಕರಾಚಿಯಲ್ಲಿ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಪುಟ್ಟ ಜಾಗೃತಿ ಚಿತ್ರವೊಂದನ್ನು ಹೊರತಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕ್ಷಣದಲ್ಲೇ ಹಿಂತಿರುಗಿ ಮಗುವನ್ನು ಇಳಿಸಿ, ಮಕ್ಕಳ ಅಪಹರಣಕ್ಕೆ ಎಷ್ಟು ಹೊತ್ತೂ ಬೇಡ ಎಂದು ಎಚ್ಚರಿಸುವ ಫಲಕ ಹಿಡಿಯುತ್ತಾರೆ. 2018ರಲ್ಲಿ ಭಾರತದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಪ್ರತಿಯಲ್ಲಿ ಹಿಂತಿರುಗುವ ಭಾಗವೇ ಇರಲಿಲ್ಲ. ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಒಕ್ಕಣೆ ಮಾತ್ರ ಆಯಾ ಭಾಷೆಯಲ್ಲಿ ಸೇರಿಕೊಂಡಿತು. ಇಂಥ ಸಂದೇಶಗಳು ಹಬ್ಬಿಸಿದ ಗುಮಾನಿಯ ದಿನಗಳಲ್ಲೇ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಬಳಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಸಂಶಯಕ್ಕೊಳಗಾದ ಹೈದರಾಬಾದ್ ಕಡೆಯವರ ಕಾರನ್ನು ತಡೆದ ಗುಂಪು ಒಬ್ಬ ಎಂಜಿನಿಯರ್‌ನನ್ನು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿ ಪ್ರಕಟಿಸಿತು.

ಕತ್ತರಿಸದ ಮೂಲದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ದೆಹಲಿಯ ಬಿಎಂಡಬ್ಲ್ಯು ಅಪಘಾತ ಮೊಕದ್ದಮೆಯಲ್ಲಿ ವಕೀಲರು ಸಾಕ್ಷಿಯನ್ನು ತಿರುಗಿಸಲು ಯತ್ನಿಸಿದ್ದನ್ನು ಎನ್‌ಡಿಟೀವಿ 2007ರಲ್ಲಿ ರಹಸ್ಯ ಕಾರ್ಯಾಚರಣೆಯಿಂದ ಬಯಲು ಮಾಡಿತ್ತು. ಆ ವಕೀಲರಲ್ಲೊಬ್ಬರಾದ ಆರ್.ಕೆ. ಆನಂದ್ ಪ್ರಕರಣದ 2009ರ ತೀರ್ಪಿನಲ್ಲಿ ಕೋರ್ಟು ಆ ಕಾರ್ಯಾಚರಣೆಯ ಸಾರ್ವಜನಿಕ ಉಪಯೋಗವನ್ನು ಒಪ್ಪಿತು. ಆದರೆ ಚಿತ್ರೀಕರಣದ ಮೂಲ ಮೈಕ್ರೊಚಿಪ್‌ಗಳನ್ನು ವಾಹಿನಿಯ ಬಳಿಯೇ ಬಿಡದೆ ಹೈಕೋರ್ಟ್ ತನ್ನ ವಶಕ್ಕೆ ತೆಗೆದುಕೊಳ್ಳಬೇಕಿತ್ತು ಎಂದಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ವಿಡಿಯೊವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕಡತದ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಹ್ಯಾಶ್ ಲೆಕ್ಕ ಹಾಕಿದ ಮೇಲೆ ಯಾರಾದರೂ ಕೈಯಾಡಿಸಿದ್ದರೆ ಅದರಿಂದ ಗೊತ್ತಾಗುತ್ತದೆ. ಅದಕ್ಕೂ ಮೊದಲೇ ಕತ್ತರಿ ಬಿದ್ದಿದ್ದರೆ, ಅಥವಾ ಜಗಳದ ಮೊದಲ ಏಟು ಬಿದ್ದ ನಂತರವೇ ಮೊಬೈಲ್ ಆನ್ ಆಗಿದ್ದರೆ, ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ; ಅದನ್ನು ಚಿತ್ರೀಕರಿಸಿದವನ ಪಾಟೀಸವಾಲಿನಲ್ಲೇ ಹೊರತೆಗೆಯಬೇಕು.