ಸ್ಟ್ಯಾಂಡ್ ಇಟ್ಟರೆ ಸಿನಿಮಾ

ಬೀದರ್ ಕೋಟೆಯಲ್ಲಿ ಶೂಟಿಂಗ್ ಮಾಡಬೇಕೆಂದು ಬರುವ ಹುಡುಗರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ‘ಸ್ಟ್ಯಾಂಡ್ ತರ್ತೀರೋ ಇಲ್ಲೋ?’ ಕಥೆ ಏನು, ಹೀರೊ ಯಾರು ಅನ್ನೋದೆಲ್ಲ ಆಮೇಲೆ. ಭಾಲ್ಕಿಯಲ್ಲಿ ಮದುವೆ ವಿಡಿಯೊ ಮಾಡಿ ಬದುಕಿದವನು ನಾನು. ಈಗ ಅಂಗಡಿ ಮಗನ ಕೈಯಲ್ಲಿದೆ. ಯುವಕ ಸಂಘದವರಿಗೆ, ಕಾಲೇಜು ಹುಡುಗರಿಗೆ ಅರ್ಜಿ ಬರೆದುಕೊಡುವ ಕೆಲಸವೊಂದು ಮಾತ್ರ ನನ್ನ ಪಾಲಿಗೆ ಉಳಿದಿದೆ. ಅದಕ್ಕೆ ಕೂಲಿ ಒಂದು ಕಪ್ ಚಹಾ.

ಸ್ಟ್ಯಾಂಡಿನ ಪ್ರಶ್ನೆ ನನ್ನದಲ್ಲ, ಕೇಂದ್ರ ಸರ್ಕಾರದ್ದು. ಸಂರಕ್ಷಿತ ಸ್ಮಾರಕಗಳ ಕಾಯ್ದೆ ಬಂದದ್ದು 1958ರಲ್ಲಿ, ಅದರ ನಿಯಮಾವಳಿ 1959ರಲ್ಲಿ. ಬರೆದವರ ಕಣ್ಣಮುಂದೆ ಆಗ ಇದ್ದದ್ದು ಫಿಲ್ಮ್ ರೀಲು. ಎಂಟು ಮಿಲಿಮೀಟರ್ ಮೀರದ ಫಿಲ್ಮು, ಕೈಯಲ್ಲೇ ಹಿಡಿಯುವ ಕ್ಯಾಮೆರಾ, ಸ್ಟ್ಯಾಂಡಿಲ್ಲ, ಮುಂಚಿನ ವಿಶೇಷ ಏರ್ಪಾಡಿಲ್ಲ ಎಂದರೆ ಅದು ಬರೀ ನಕಲು ತೆಗೆದುಕೊಂಡ ಹಾಗೆ. ಕಾಗದದ ಮೇಲೆ ಚಿತ್ರ ಬಿಡಿಸಿಕೊಂಡವನೂ ಇವನೂ ಒಂದೇ ಸಾಲಿನಲ್ಲಿ. ಫಿಲ್ಮು ಅದಕ್ಕಿಂತ ಅಗಲವಾಗಿ, ಸ್ಟ್ಯಾಂಡೂ ಬಂತೋ, ಅದು ಚಿತ್ರೀಕರಣ. ಲೈಸೆನ್ಸ್ ಬೇಕು, ಮೂರು ತಿಂಗಳು ಮೊದಲೇ ಅರ್ಜಿ ಬೇಕು, ಚಾವಣಿಯಿರುವ ಒಳಭಾಗದಲ್ಲಿ ಕ್ಯಾಮೆರಾ ಓಡಿಸುವಂತಿಲ್ಲ. ಕೋಟೆಯೊಳಗಿನ ಹದಿನಾರು ಕಂಬದ ಮಸೀದಿಯ ಕಂಬಸಾಲನ್ನು ಹೊರಗಿನಿಂದ ತೆಗೆದು ಬಾಯಿ ಚಪ್ಪರಿಸಬೇಕು, ಅಷ್ಟೆ.

ಈ ಊರಿನ ಗುಮ್ಮಟಗಳಿಗೆ ಕ್ಯಾಮೆರಾ ಹೊಸದೇನಲ್ಲ. ಜೇಮ್ಸ್ ಬರ್ಜೆಸ್ ಎಂಬ ಸಾಹೇಬರು 1875-76ರ ಹೊತ್ತಿಗೆ ಬೀದರ್, ಔರಂಗಾಬಾದ್ ಜಿಲ್ಲೆಗಳನ್ನು ಸುತ್ತಿ 1878ರಲ್ಲಿ ಪ್ರಾಚೀನ ಕಟ್ಟಡಗಳ ವರದಿ ತಂದರು. ಆರನೆಯ ನಿಜಾಮರ ಆಸ್ಥಾನದ ಫೋಟೊಗ್ರಾಫರ್ ಲಾಲಾ ದೀನ್ ದಯಾಳ್ ಆ ಸೀಮೆಯ ಕಟ್ಟಡಗಳನ್ನು ಗಾಜಿನ ಪ್ಲೇಟುಗಳ ಮೇಲೆ ಇಳಿಸಿದರು. 1914ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ಪುರಾತತ್ವ ಇಲಾಖೆ ಬಂತು. ಅದರ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಹೊರತಂದ ಬೀದರಿನ ಚರಿತ್ರೆ, ಸ್ಮಾರಕಗಳ ದಪ್ಪ ಪುಸ್ತಕದ ಚಿತ್ರಪುಟಗಳನ್ನು ನೋಡಿದರೆ ನಮ್ಮ ಕಸುಬಿನವರಿಗೆ ಹೊಟ್ಟೆಕಿಚ್ಚಾಗುತ್ತದೆ. ಇವರ್ಯಾರೂ ಇಜಾಜತ್, ಅಂದರೆ ಅನುಮತಿ, ಕೇಳಿ ನಿಂತವರಲ್ಲ. ಕ್ಯಾಮೆರಾವೇ ಸರ್ಕಾರದ ಕಡೆ ಇತ್ತು.

ಇಜಾಜತ್ತಿನ ಬಿಸಿ ಮುಟ್ಟಿದ್ದು ಊರಿನ ಹುಡುಗರಿಗೆ. ಅವರ ಕೈಯಲ್ಲಿ ಆಗ ಕ್ಯಾಮೆರಾ ಇರಲಿಲ್ಲ, ಬಾಯಿ ಇತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಸಾರ್ವಜನಿಕ ಸಭೆಗೆ ಮುಂಚಿತ ಅನುಮತಿ ಬೇಕೆಂದು ಹೇಳುತ್ತಿತ್ತು. ನಾಲ್ಕು ಜನ ಕೂಡಿ ಮಾತಾಡಬೇಕೆಂದರೂ ಯಾರು, ಯಾಕೆ ಎಂದು ಬರೆದುಕೊಡಬೇಕು. ಶಾಲೆಯ ಕಥೆಯೂ ಅಷ್ಟೆ. ಮೊನ್ನೆಮೊನ್ನೆಯವರೆಗೆ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ 1936ರಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಂತಿವರ್ಧಕ ಶಾಲೆ ಕಟ್ಟಿದ ಬಗೆಯನ್ನು ನಮ್ಮ ಕಡೆ ಮಕ್ಕಳಿಗೂ ಹೇಳುತ್ತಾರೆ: ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ನಿಜಾಮರ ಸರ್ಕಾರಕ್ಕೆ ಬೇಕಾದದ್ದು ಬಾಗಿಲ ಮೇಲಿನ ಅಕ್ಷರ. ಅದನ್ನು ಕೊಟ್ಟು, ತಮಗೆ ಬೇಕಾದ ಅಕ್ಷರವನ್ನು ಮಕ್ಕಳ ಪಾಟಿಯ ಮೇಲೆ ಉಳಿಸಿಕೊಂಡರು. 1999ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಆ ಸಂಸ್ಥೆ ತಾಲ್ಲೂಕುಗಳನ್ನು ದಾಟಿ ಬೆಳೆದಿತ್ತು.

ನನ್ನ ಹತ್ತಿರ ಬರುವ ಹುಡುಗರೂ ಅರ್ಜಿಯ ತಲೆಬರಹದಲ್ಲಿ ‘ಪರಂಪರೆ ಜಾಗೃತಿ ಕಾರ್ಯಕ್ರಮ’ ಎಂದು ಬರೆಸಿ ಒಳಗೆ ಪ್ರೇಮಗೀತೆ ತೆಗೆಯುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ಬುದ್ಧಿಗೇಡಿ ನಾನಲ್ಲ. ಪಟ್ಟದ್ದೇವರದು ನುಡಿ ಉಳಿಸುವ ಸಂಕಟ, ಇವರದು ಗಡ್ಡ ಬಂದ ವಯಸ್ಸು. ಆದರೂ ಅರ್ಜಿಯ ಮೇಲ್ಸಾಲಿನಲ್ಲಿ ಏನು ಬರೆದರೆ ಸಾಹೇಬರ ಪೆನ್ನು ಓಡುತ್ತದೆ ಎಂಬ ತಿಳಿವಳಿಕೆ ಈ ನೆಲದಲ್ಲಿ ಬಹಳ ಹಳೆಯದು.

ತೊಂಬತ್ತರ ದಶಕದಲ್ಲಿ ನಾನು ಹೆಗಲ ಮೇಲೆ ವಿಎಚ್‌ಎಸ್ ಕ್ಯಾಮೆರಾ ಹೊತ್ತು ತಿರುಗುವಾಗ ಎಂಟು ಮಿಲಿಮೀಟರಿನ ಲೆಕ್ಕವೇ ಕೆಟ್ಟುಹೋಯಿತು. ಅದರ ಟೇಪು ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಸೋನಿ ಹ್ಯಾಂಡಿಕ್ಯಾಮಿನ ವಿಡಿಯೊ-8 ಟೇಪು ಸರಿಯಾಗಿ ಎಂಟು! ಹಾಗಾದರೆ ನಾನು ಸಿನಿಮಾದವನು, ದುಬೈನಿಂದ ಹ್ಯಾಂಡಿಕ್ಯಾಮ್ ತಂದ ಬೀಗರು ನಕಲು ತೆಗೆಯುವವರು. ಇದನ್ನೇ ಒಬ್ಬ ಕಾವಲುಗಾರನ ಮುಂದೆ ವಾದ ಮಾಡಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, ‘ಅದೆಲ್ಲ ಖರೆ ಅದರಿ, ಸ್ಟ್ಯಾಂಡ್ ಹೊರಗ ಇಡ್ರಿ’ ಅಂದ. ಈಗಿನ ಫೋನಿನಲ್ಲಿ ಫಿಲ್ಮೂ ಇಲ್ಲ, ಟೇಪೂ ಇಲ್ಲ. 2018ರಲ್ಲಿ ಸ್ಮಾರಕಗಳ ಆವರಣದಲ್ಲಿ ಫೋಟೊ ತೆಗೆಯಲು ಸಡಿಲಿಕೆಯೂ ಬಂತು. ಕಾವಲುಗಾರನ ಕಣ್ಣಿಗೆ ಬೀಳುವ ಗುರುತಾಗಿ ಉಳಿದದ್ದು ಆ ಮೂರು ಕಾಲು ಮಾತ್ರ. ರೀಲಿಗಾಗಿ ಬರೆದ ನಿಯಮ ರೀಲು ಸತ್ತ ಮೇಲೂ ಸ್ಟ್ಯಾಂಡಿನ ಆಸರೆಯಲ್ಲಿ ನಿಂತಿದೆ.

ಕೋಟೆ ದಾಟಿ ಊರೊಳಗೆ ಬಂದರೆ ತೊಡಕು ಬೇರೆ ಥರದ್ದು. ಹುಡುಗರಿಗೆ ಎಲ್ಲವೂ ‘ಸರ್ಕಾರಿ ಜಾಗ’. ಸರ್ಕಾರ ಒಂದೇ ಇದ್ದಿದ್ದರೆ ನನ್ನ ಚಹಾ ತಪ್ಪುತ್ತಿತ್ತು. ಮಹಮೂದ್ ಗವಾನನ ಮದರಸಾ ಕೇಂದ್ರ ಪುರಾತತ್ವ ಇಲಾಖೆಯದು. ಅದರ ಮುಂದಿನ ಬೀದಿಯಲ್ಲಿ ಜನ ಸೇರಿದರೆ ಪೊಲೀಸರದು. ಬಸ್ ನಿಲ್ದಾಣ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ರೈಲು ನಿಲ್ದಾಣದ ಕಾಗದ ಸಿಕಂದರಾಬಾದ್ ವಿಭಾಗಕ್ಕೆ ಹೋಗಬೇಕು, ಅಂದರೆ ರಾಜ್ಯದ ಗಡಿ ದಾಟಬೇಕು. 1956ರಲ್ಲಿ ನಾವು ಹೈದರಾಬಾದಿನಿಂದ ಬಿಡಿಸಿಕೊಂಡು ಬಂದೆವು, ರೈಲು ಮಾತ್ರ ಬರಲಿಲ್ಲ. ಇನ್ನು ಆಕಾಶ ವಾಯುಪಡೆಯದು. ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ ನೆಲೆ ಇದು, ದಿನವೂ ತರಬೇತಿ ವಿಮಾನಗಳು ಹಾರುತ್ತವೆ. 2021ರ ಡ್ರೋನ್ ನಿಯಮಗಳಲ್ಲಿ ಹಸಿರು, ಹಳದಿ, ಕೆಂಪು ಎಂದು ಆಕಾಶವನ್ನೇ ಹಂಚಿದ್ದಾರೆ. ಬೀದರಿನಲ್ಲಿ ‘ಡ್ರೋನ್’ ಎಂಬ ಸಾಲು ಅರ್ಜಿಯಲ್ಲಿ ಕಂಡರೆ ನಾನೇ ಹೊಡೆದುಹಾಕುತ್ತೇನೆ.

ಭಾಲ್ಕಿ ಪುರಸಭೆ, ಔರಾದ್ ಪಟ್ಟಣ ಪಂಚಾಯಿತಿ ಇವಕ್ಕಿಂತ ಸಲೀಸು. ಮುಖ್ಯಾಧಿಕಾರಿಗೆ ಒಂದು ಅರ್ಜಿ, ಠಾಣೆಗೆ ಅದರ ಪ್ರತಿ, ಕಾಲೇಜಿನವರಾದರೆ ಪ್ರಿನ್ಸಿಪಾಲರ ಪತ್ರ. ಮೈಕ್ ಇದೆಯೇ, ರಸ್ತೆ ಬಂದ್ ಆಗುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಇದು ಸರಿಯಾದ ಪ್ರಶ್ನೆ ಎನ್ನುತ್ತೇನೆ ನಾನು. ದಾರಿಹೋಕನಿಗೆ ತೊಂದರೆಯಾಗುವುದು ಗದ್ದಲದಿಂದ, ಲೆನ್ಸಿನಿಂದ ಅಲ್ಲ. ಕೋಟೆಯ ನಿಯಮ ಬರೆದವರಿಗೂ ಸಂದರ್ಶಕರಿಗೆ ಅಡ್ಡಿಯಾಗಬಾರದು ಎಂಬುದು ಹೊಳೆದಿತ್ತು. ಅದನ್ನೇ ಮುಂದಿಟ್ಟು ಮಿಲಿಮೀಟರನ್ನು ಬಿಟ್ಟಿದ್ದರೆ ಸಾಕಿತ್ತು.

ಔರಾದಿನ ಒಂದು ತಂಡಕ್ಕೆ ಸಂತೆಯನ್ನು ಮೇಲಿನಿಂದ ತೋರಿಸುವ ಒಂದೇ ಒಂದು ಶಾಟ್ ಬೇಕಿತ್ತು. ಪಂಚಾಯಿತಿಯ ಸಹಿ ಆಗಿತ್ತು, ಠಾಣೆಯ ಮುದ್ರೆ ಬಿದ್ದಿತ್ತು, ಎತ್ತರದ ಜಾಗ ಮಾತ್ರ ಇರಲಿಲ್ಲ.

‘ಕಾಕಾ, ಆ ಮಾಳಿಗೆ ಮ್ಯಾಲಿಂದ ಛಂದ್ ಕಾಣ್ತದ ನೋಡ್ರಿ’ ಎಂದ ಕ್ಯಾಮೆರಾದ ಹುಡುಗ.

ಮಾಳಿಗೆ ಒಬ್ಬ ಅಜ್ಜಿಯದು. ಕಾಗದ ತೋರಿಸಿದೆವು; ‘ಅದ್ ನನಗ್ ಯಾಕ್’ ಎಂದು ಮುಟ್ಟಲೂ ಇಲ್ಲ. ಹಿತ್ತಲಲ್ಲಿ ಕಟ್ಟಿದ ತನ್ನ ದೇವಣಿ ಹೋರಿ ಚಿತ್ರದಲ್ಲಿ ಬರುವುದಾದರೆ ಹತ್ತಿರಿ ಎಂದಳು. ಬರಗಾಲದ ಕಥೆಯಲ್ಲಿ ಅಷ್ಟು ಮೈತುಂಬಿದ ಹೋರಿ ಹೇಗೆ ಬಂತೆಂದು ಸ್ಪರ್ಧೆಯ ಬಹುಮಾನದ ದಿನ ತೀರ್ಪುಗಾರರು ಕೇಳಿದರಂತೆ.